ಭಾವ ವಾಕಿಂಗ್ ಹೋದದ್ದು

ನಮ್ಮ ಕಡೆ ಒಬ್ಬರಿಗೆ ಒಳ್ಳೆಯದು ಮಾಡಲು ಹೊರಟರೆ ಆಗುವುದು ಇನ್ನೇನೋ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿಕೊಂಡು, ವರ್ಷಕ್ಕೊಮ್ಮೆ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿಕೊಂಡು ಇರುವ ನನಗೂ ಇದು ತಪ್ಪಲಿಲ್ಲ.

ಔಷಧಿ

ಅಕ್ಕ ತೀರಿಕೊಂಡ ಮೇಲೆ ಹರದನಹಳ್ಳಿಯ ಭಾವ ಮಾತು ನಿಲ್ಲಿಸಿದರು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದರು, ಇಡದಿದ್ದರೆ ಇಲ್ಲ. ಚಾಮರಾಜನಗರದ ಡಾಕ್ಟರೊಬ್ಬರಿಗೆ ತೋರಿಸಿದೆ. ದೇಹಕ್ಕೆ ಏನೂ ಆಗಿಲ್ಲ, ದಿನಾ ಬೆಳಿಗ್ಗೆ ಹಸಿರಿನ ನಡುವೆ ನಡೆಯಲಿ, ಜನರ ಜೊತೆ ಬೆರೆಯಲಿ ಎಂದರು. ಹೇಳುವಾಗ ಅವರ ಹೊಟ್ಟೆ ಮೇಜಿಗೆ ಒತ್ತಿಕೊಂಡಿತ್ತು. ನೀವೂ ನಡೆಯುತ್ತೀರಾ ಎಂದು ಕೇಳಿದೆ.

"ಪುರುಸೊತ್ತೆಲ್ಲಿ? ನಡೆಯದೇ ಇರೋರೆಲ್ಲ ಇಲ್ಲಿಗೇ ಬರ್ತಾರಲ್ಲ."

ದಾರಿ

ನಮ್ಮ ರಸ್ತೆಯಲ್ಲಿ ನಡೆದು ಹೋಗುವವನೆಂದರೆ ಬಸ್ಸು ತಪ್ಪಿದವನು, ಇಲ್ಲವೇ ಗಾಡಿ ಕೆಟ್ಟವನು. ಸುಮ್ಮನೆ ನಡೆಯುವವನು ಎಂಬ ಜಾತಿಯೇ ಇಲ್ಲ. ಮೊದಲ ದಿನ ನಾವಿಬ್ಬರು ಊರಿನ ಕೊನೆ ಮನೆ ದಾಟುವಷ್ಟರಲ್ಲಿ ಬೈಕೊಂದು ನಿಂತಿತು.

"ಅತ್ಕಳಿ ಸಾ."

ವಾಕಿಂಗ್ ಎಂದೆ. ನಂಬಲಿಲ್ಲ. "ಯಾಕ್ಸಾ, ನಮ್ಮ ಗಾಡಿ ಆಗಕಿಲ್ವಾ?" ಎಂದು ಮುಖ ಸಣ್ಣದು ಮಾಡಿಕೊಂಡ. ಬೇಡ ಎನ್ನಲು ಬಾಯಿ ಬೇಕು, ಭಾವನಿಗೆ ಅದಿಲ್ಲ. ಹತ್ತಿ ಕೂತರು. ನನಗೂ ಹಿಂದೆಯೇ ಇನ್ನೊಂದು ಗಾಡಿ ಸಿಕ್ಕಿತು. ಇಬ್ಬರನ್ನೂ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದರು. ದಾರಿಯುದ್ದಕ್ಕೂ ಯಾರ ಹೆಂಡತಿ ಯಾವ ಕಾಯಿಲೆಯಲ್ಲಿ ಹೋದಳು ಎಂದು ಭಾವನಿಗೆ ವರದಿ, ಹಿಂದಿನ ಗಾಡಿಯಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ. ಬೆರೆಯುವುದು ಎಂದರೆ ಇದೇ ಇರಬೇಕು. ಮಾರನೆಯ ದಿನವೂ ಹೀಗೆ, ಅದರ ಮಾರನೆಯ ದಿನವೂ.

ಡಾಕ್ಟರು ವಿಚಾರಿಸಿದಾಗ, ದಿನಾ ಊರಿಂದ ಪೇಟೆಗೆ ಬರುತ್ತಾರೆ ಎಂದೆ. ಸುಳ್ಳೇನಲ್ಲ.

"ಅಷ್ಟು ದೂರ ಬೇಡ, ಸ್ವಲ್ಪ ಕಮ್ಮಿ ಮಾಡಿಸಿ" ಎಂದರು.

ಮರ

ಗುಂಡ್ಲುಪೇಟೆ ಕಡೆ ಒಂದು ತೋಟದಲ್ಲಿ ಭಾನುವಾರದ ಪ್ರಕೃತಿ ನಡಿಗೆ ಇದೆ ಎಂದು ಯಾರೋ ಹೇಳಿದರು. ಅಲ್ಲಿಯಾದರೂ ಬೈಕು ಬರುವುದಿಲ್ಲವೆಂದು ಕರೆದುಕೊಂಡು ಹೋದೆ. ಮೈಸೂರಿನಿಂದ ಬಂದಿದ್ದ ಗುರುಗಳು ಸ್ವಲ್ಪ ನಡೆಸಿ, ಎಲ್ಲರೂ ಒಂದೊಂದು ಮರ ಅಪ್ಪಿಕೊಂಡು ನೋವನ್ನು ಅದಕ್ಕೆ ಕೊಡಿ ಎಂದರು. ಮಾವಿನ ಮರಗಳು. ಮರ ತುಂಬ ಕೆಂಪಿರುವೆ. ಒಂದೇ ನಿಮಿಷಕ್ಕೆ ಗುಂಪೆಲ್ಲ ಬಟ್ಟೆ ಕೊಡವಿಕೊಂಡು ಕುಣಿಯುತ್ತಿತ್ತು. ಭಾವ ಮಾತ್ರ ಕಣ್ಣು ಮುಚ್ಚಿ ಅಪ್ಪಿಕೊಂಡೇ ನಿಂತಿದ್ದರು. ಕತ್ತಿನ ಮೇಲೆ ಇರುವೆ ಸಾಲು ಹಿಡಿದಿತ್ತು. ನಾನು ಎಳೆದು ಬಿಡಿಸಿದೆ.

ಗುರುಗಳು ಎಲ್ಲರಿಗೂ ಅವರನ್ನು ತೋರಿಸಿ, "ತನ್ಮಯತೆ ಅಂದರೆ ಇದು" ಎಂದರು.

ನಾಲ್ಕನೆಯವರು

ಅದಾದ ಮೇಲೆ ಅವರನ್ನು ಒಬ್ಬರನ್ನೇ ಬಿಡಲು ನನಗೆ ಭಯ. ಒಂದು ದಿನ ಬೆಳಿಗ್ಗೆ ಹೋದರೆ ಬಾಗಿಲು ಬರೀ ಎಳೆದಿತ್ತು, ಚಪ್ಪಲಿ ಹೊಸ್ತಿಲಲ್ಲೇ ಇತ್ತು. ಕೆರೆ ಏರಿಯ ಮೇಲೆ ಹೋಗಿ ನೋಡಿದೆ. ಊರೆಲ್ಲ ಕೇಳಿದೆ. ಸಂಜೆ ಒಂದು ಕಾರು ಬಂದು ನಿಂತಿತು. ಭಾವ ಬರಿಗಾಲಲ್ಲಿ ಇಳಿದರು, ಕೈಯಲ್ಲಿ ಎಲೆಯಡಿಕೆ, ತೆಂಗಿನಕಾಯಿ.

ಊರಿನ ಹುಡುಗನೊಬ್ಬ, ಅವನ ತಾಯಿ, ಸೋದರಮಾವ, ಮೂವರು ಬೇಗೂರಿಗೆ ಹೆಣ್ಣು ನೋಡಲು ಹೊರಟಿದ್ದರಂತೆ. ಶುಭಕಾರ್ಯಕ್ಕೆ ಮೂರು ಜನ ಹೋಗಬಾರದು ಎಂದು ಊರ ಹೊರಗೆ ಆ ತಾಯಿಗೆ ನೆನಪಾಗಿದೆ. ರಸ್ತೆಯಲ್ಲಿ ಭಾವ ಕಂಡಿದ್ದಾರೆ. ನನ್ನ ಹೆಂಡತಿ ಸತ್ತು ವರ್ಷ ತುಂಬಿಲ್ಲಮ್ಮ ಎಂದು ಭಾವ ಬಾಯಿಬಿಟ್ಟು ಹೇಳಿದರಂತೆ. ಎಷ್ಟೋ ತಿಂಗಳಿಗೆ ಅದೇ ಮೊದಲ ಮಾತು.

"ಮೂರು ಜನಕ್ಕಿಂತ ಅದೇ ವಾಸಿ ಬುಡಿ ಅಣ್ಣ, ಅತ್ತಿ" ಎಂದಳಂತೆ ಆಕೆ.

"ಹುಡುಗಿ ಚೆನ್ನಾಗಿದಾಳೆ" ಎಂದರು ಭಾವ. "ಉಪ್ಪಿಟ್ಟು ಮಾತ್ರ ನಿಮ್ಮಕ್ಕನ ಥರಾನೇ, ಬರೀ ಗಂಟು."

ಬೆಳಿಗ್ಗೆ ಎಲ್ಲಿಗೆ ಹೊರಟಿದ್ದಿರಿ ಎಂದೆ.

"ಕೆರೆಗೆ."

"ವಾಕಿಂಗಿಗಾ?"

"ವಾಪಸ್ ಬರೋ ಯೋಚನೆ ಇರಲಿಲ್ಲ ಕಣಯ್ಯ."

ಅವರ ಕೈಯಲ್ಲಿದ್ದ ತೆಂಗಿನಕಾಯಿ ಇಸಿದುಕೊಂಡು ಒಳಗಿಟ್ಟು ಬಂದೆ. ಆಮೇಲೆ, ನಾಳೆ ಏನು ಮಾಡುತ್ತೀರಿ ಎಂದು ಕೇಳಿದೆ.

"ನಾಳೆ ಆಗಲ್ಲ. ಬೇಗೂರಿನೋರು ಹುಡುಗನ ಮನೆ ನೋಡಕ್ಕೆ ಬರ್ತಾರೆ. ನಾನು ಇರಲೇಬೇಕಂತೆ."

ಆ ರಾತ್ರಿ ಅಲ್ಲೇ ಮಲಗಿದೆ. ಆಮೇಲೆ ಡಾಕ್ಟರಿಗೆ ಎಲ್ಲವನ್ನೂ ಹೇಳಿ ಮಾತ್ರೆ ಶುರು ಮಾಡಿಸಿದೆ. ಆ ಹುಡುಗನ ಮದುವೆಯಲ್ಲಿ ಭಾವ ಬಾಯಿತುಂಬ ಮಾತಾಡಿಕೊಂಡು ಊಟದ ಪಂಕ್ತಿ ನೋಡಿಕೊಂಡರು.

ಆ ವಾರವೇ ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ನನ್ನ ವಾರ್ಷಿಕ ಭಾಷಣವಿತ್ತು. ಗಂಟಲು ಕಟ್ಟಿದೆ ಎಂದು ರಜೆ ಹಾಕಿದೆ.