ದಿವಂಗತ ಸೊಣ್ಣಪ್ಪನವರ ತುಟಿಗಳ ಕುರಿತ ನಡಾವಳಿ

ಸತ್ತವರು ಸಭ್ಯರಾಗಿರತಕ್ಕದ್ದು ಎಂಬ ನಿಯಮವನ್ನು ಹೋಳೂರಿನ ‘ಬದುಕು–ನೆನಪು ಸಕುಟುಂಬ ಉತ್ಸವ ಸಮಿತಿ’ಯು ಸರ್ವಾನುಮತದಿಂದ ಅಂಗೀಕರಿಸಿದೆ. ಸತ್ತವರ ಕಡೆಯಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ನಾನು ಈ ಸಮಿತಿಯ ಕಾರ್ಯದರ್ಶಿ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಂಡು ನಿವೃತ್ತನಾದವನು. ಜನರಿಗೆ ನಿಯಮ ಅಂದರೆ ಯಾಕೆ ಮೈ ಉರಿಯುತ್ತದೋ ನನಗೆ ಇನ್ನೂ ತಿಳಿದಿಲ್ಲ. ಇಷ್ಟು ವರ್ಷ ಏನಾಗುತ್ತಿತ್ತು? ಹಿರಿಯರ ಹಬ್ಬದ ದಿನ ಪ್ರತಿ ಮನೆಯಲ್ಲೂ ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅವರು ಬಂದು ಉಣ್ಣಲಿ ಅಂತ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಿದ್ದರು. ಒಬ್ಬರ ಎಲೆಯಲ್ಲಿ ಬಾಡು, ಇನ್ನೊಬ್ಬರ ಎಲೆ ಪಕ್ಕ ಕ್ವಾರ್ಟರ್ ಬಾಟಲಿ. ಮಕ್ಕಳು ನೋಡಿ ಏನು ಕಲಿಯಬೇಕು, ಕರ್ಮ! ಆದಕಾರಣ ಈ ವರ್ಷ ಊರಿನ ಮೃತರನ್ನೆಲ್ಲ ಸಮುದಾಯ ಭವನದಲ್ಲಿ ಸಾಲಾಗಿ ಕೂರಿಸಿ, ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ, ಹೆಂಗಸರಿಗೆ ಮ್ಯೂಸಿಕಲ್ ಚೇರ್, ಮೃತರಿಗೆ ಕೇಸರಿಬಾತ್ ಏರ್ಪಡಿಸಲಾಯಿತು.

ನಿಯಮಗಳು ಸರಳವಾಗಿದ್ದವು. ನಿಯಮ ನಾಲ್ಕರ ಪ್ರಕಾರ ಬೀಡಿ, ಬಾಟಲಿ, ಬರಿಮೈ ಅಥವಾ ಕೋಪ ಕಾಣುವ ಫೋಟೋಗಳನ್ನು ತಿರಸ್ಕರಿಸಲಾಗುವುದು. ನಿಯಮ ಒಂಬತ್ತರ ಪ್ರಕಾರ ಒಬ್ಬ ಮೃತರು ಒಂದೇ ದಿನ ಎರಡು ಕಡೆ ಊಟ ಮಾಡತಕ್ಕದ್ದಲ್ಲ. ಅಂದರೆ ಆ ದಿನ ಮನೆಯಲ್ಲಿ ಬೇರೆ ಎಡೆ ಇಡುವಂತಿಲ್ಲ.

ಆದಿಲಕ್ಷ್ಮಮ್ಮ ತನ್ನ ಗಂಡ ಸೊಣ್ಣಪ್ಪನ ಫೋಟೋ ತಂದದ್ದು ಕೊನೆಯ ದಿನಾಂಕದಂದು. ಸೊಣ್ಣಪ್ಪ ಹೋಗಿ ಮೂರು ತಿಂಗಳಾಗಿತ್ತು. ಫೋಟೋದಲ್ಲಿ ಆತ ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ಬಾಯಲ್ಲಿ ಬೀಡಿ ಕಚ್ಚಿದ್ದ.

“ಬೇರೆ ಫೋಟೋ ತಗೊಂಡ್ ಬಾಮ್ಮ,” ಅಂದೆ.

“ಬೇರೆ ಎಲ್ಲಿಂದ ತರ್ಲಿ ನಾಯನಾ? ಇರೋದೇ ಇದೊಂದು.”

“ಬೀಡಿ ಇದೆ.”

“ಇರ್ದೆ ಇನ್ನೇನು? ಬೀಡಿ ಇಲ್ದೆ ಆ ವಯ್ಯನ್ನ ನಾನೇ ನೋಡಿಲ್ಲ. ಇದು ಮೊದಲ್ನೇ ವರ್ಷದ ಎಡೆ ಕಣಪ್ಪ. ಹಸ್ಕೊಂಡು ವಾಪಸ್ ಹೋದ್ರೆ ನಾನು ಹೆಂಗೆ ಬದುಕ್ಲಿ?” ಅಂದಳು. ಕಣ್ಣಲ್ಲಿ ನೀರಿತ್ತು. ನಮೂನೆಯನ್ನು ಎರಡು ಸಲ ತಿರುವಿ ನೋಡಿದೆ, ಅದರಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ವಿಷಯವನ್ನು ಫೋಟೋ ಸ್ಟುಡಿಯೋ ಅಕ್ಬರ್‌ಗೆ ವಹಿಸಲಾಯಿತು. ಊರಿನ ಎಲ್ಲ ಮೃತರಿಗೂ ಕಂಪ್ಯೂಟರಿನಲ್ಲಿ ಕೋಟು ತೊಡಿಸಿದವನು ಇವನೇ. “ನಮ್ಮಲ್ಲಿ ಸತ್ತೋರಿಗೆ ಫಾತಿಹಾ ಓದ್ಸೋಕೆ ಫೋಟೋನೇ ಬೇಡ ಸಾರ್, ಎಷ್ಟು ಆರಾಮ,” ಅನ್ನುತ್ತಲೇ ಎರಡು ನಿಮಿಷದಲ್ಲಿ ಬೀಡಿ ತೆಗೆದ. ಆದರೆ ಬೀಡಿ ಹೋದರೂ ಅದನ್ನು ಹಿಡಿದಿದ್ದ ತುಟಿ ಹಾಗೇ ಮುಂದಕ್ಕೆ ಚಾಚಿಕೊಂಡು ಉಳಿಯಿತು.

ಮಹಿಳಾ ಉಪಸಮಿತಿಯ ಮುಖ್ಯಸ್ಥೆ ಭಾರತಮ್ಮನವರು, ಅಂದರೆ ನಮ್ಮ ಅಧ್ಯಕ್ಷ ಅಮರನಾಥ್ ಅವರ ಧರ್ಮಪತ್ನಿ, ಫೋಟೋ ನೋಡಿದವರೇ ಕೆಂಡವಾದರು. “ಇದೇನ್ರೀ ಇದು, ಯಾರನ್ನ ನೋಡಿ ಶಿಳ್ಳೆ ಹೊಡೀತಾವ್ನೆ? ನನ್ನ ಅತ್ತೆ ಫೋಟೋ ಎದುರಿನ ಸಾಲಲ್ಲೇ ಇದೆ!”

ಆಕ್ಷೇಪಣೆಯನ್ನು ಎತ್ತಿಹಿಡಿಯಲಾಯಿತು. ತುಟಿ ಬದಲಾಯಿಸುವಂತೆ ಅಕ್ಬರ್‌ಗೆ ಲಿಖಿತ ಸೂಚನೆ ಹೋಯಿತು. ಅವನ ಕಂಪ್ಯೂಟರಿನಲ್ಲಿ ಕೈಗೆ ಸಿಗುವಂತಿದ್ದ ನಗುಮುಖ ಒಂದೇ, ಊರಿನ ಪ್ರತಿ ಫ್ಲೆಕ್ಸಿನಲ್ಲೂ ಕೈಮುಗಿದು ನಿಲ್ಲುವ ಅಧ್ಯಕ್ಷರದು. ಆ ತುಟಿಗಳನ್ನು ಕತ್ತರಿಸಿ ಸೊಣ್ಣಪ್ಪನಿಗೆ ಅಂಟಿಸಿದ. ಬದುಕಿದ್ದಾಗಿನದಕ್ಕಿಂತ ಲಕ್ಷಣವಾಗಿದ್ದಾನೆ ಅಂತ ಎಲ್ಲರೂ ಮೆಚ್ಚಿದರು, ನಾನು ‘ಸಭ್ಯ’ ಎಂದು ಮೊಹರು ಒತ್ತಿದೆ.

ಉತ್ಸವದ ದಿನ ಆದಿಲಕ್ಷ್ಮಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಗಂಡನ ಫೋಟೋ ಮುಂದೆ ನಿಂತು ಒಂದೇ ಸಮ ನೋಡಿದಳು.

“ಈ ಬಾಯಿ ಯಾರ್ದು?”

ಅಕ್ಬರ್ ಪಾಪ, ಸುಳ್ಳು ಹೇಳಲು ಬಾರದವನು. “ಅಧ್ಯಕ್ಷರ್ದು ಅಮ್ಮಾ,” ಅಂದ.

“ಅಲ್ರಪ್ಪಾ, ಬಾಯಿ ಅವರ್ದಾದ್ರೆ ನಾನಿಟ್ಟಿದ್ದು ನನ್ನ ಗಂಡನ ಹೊಟ್ಟೆಗೆ ಹೆಂಗ್ ಹೋಗ್ತದೆ?” ಅಂತ ಕೇಳಿ, ನೆಲಕ್ಕೆ ಕುಸಿದು ಅಳತೊಡಗಿದಳು. ಮ್ಯೂಸಿಕಲ್ ಚೇರ್ ನಿಂತಿತು.

ಪ್ರಶ್ನೆ ಸಮಂಜಸವಾಗಿತ್ತು. ವೇದಿಕೆಯ ಹಿಂದೆ ತುರ್ತು ಸಭೆ ಸೇರಿ ಈ ಕೆಳಕಂಡಂತೆ ತೀರ್ಮಾನಿಸಲಾಯಿತು: ‘ದಿವಂಗತರ ಬಾಯಿಯು ಸದರಿ ಅಧ್ಯಕ್ಷರದ್ದೇ ಆಗಿರುವುದು ದೃಢಪಟ್ಟಿರುವುದರಿಂದ, ದಿವಂಗತರ ಪರವಾಗಿ ಊಟ ಮಾಡಲು ಅಧ್ಯಕ್ಷರನ್ನು ನಿಯೋಜಿಸಿದೆ. ಬಾಗಿಲು ಮುಚ್ಚುವುದಕ್ಕೆ ಬದಲಾಗಿ ಪರದೆ ಎಳೆಯತಕ್ಕದ್ದು; ಪರದೆಯ ಹಿಂದೆ ನಡೆಯುವುದಕ್ಕೆ ನಿಯಮ ನಾಲ್ಕು ಅನ್ವಯಿಸುವುದಿಲ್ಲ.’

ಅಮರನಾಥ್ ಅವರು ಸೇವಾ ಮನೋಭಾವದವರು. ಫೋಟೋ ಪಕ್ಕದಲ್ಲಿ ಚಾಪೆ ಹಾಕಿ ಕೂತರು. ಆದಿಲಕ್ಷ್ಮಮ್ಮ ಡಬ್ಬಿ ಬಿಚ್ಚಿದಳು. ರಾಗಿ ಮುದ್ದೆ, ಮೇಕೆ ಬಾಡಿನ ಸಾರು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಎಲ್ಲ ಬಡಿಸಿ ಪರದೆ ಎಳೆದಳು. ಊರೆಲ್ಲ ಈಚೆ ಕೈಕಟ್ಟಿ ನಿಂತಿತು.

ಮೊದಲು ಸಾರು ಸೊರ್ರನೆ ಹೀರುವ ಸದ್ದು ಬಂತು. ಆಮೇಲೆ ತೇಗು. ಆಮೇಲೆ ಕಡ್ಡಿ ಗೀಚಿದ ಸದ್ದು, ಹೊಗೆ, ಕೆಮ್ಮು. ಡಾಕ್ಟರ ಸಲಹೆಯಂತೆ ಅಧ್ಯಕ್ಷರು ಬೀಡಿ ಬಿಟ್ಟು ಎಂಟು ವರ್ಷವಾಗಿರುವುದು ಭಾರತಮ್ಮನವರಿಗೆ ತಿಳಿದ ವಿಷಯ. ಅವರು ಹಲ್ಲು ಕಚ್ಚಿಕೊಂಡು ನಿಂತದ್ದನ್ನು ‘ಆಕ್ಷೇಪಣೆ ಇಲ್ಲ’ ಎಂದು ದಾಖಲಿಸಿಕೊಂಡಿದ್ದೇನೆ.

ಎರಡನೇ ಕಡ್ಡಿ ಗೀಚಿದ ಸದ್ದು ಕೇಳಿದ್ದೇ ತಡ, ಆದಿಲಕ್ಷ್ಮಮ್ಮ ಎದ್ದು ಪರದೆಯ ಕಡೆ ಕೈ ತೋರಿಸಿ ಕಿರುಚಿದಳು: “ಉಂಡ ಮೇಲೆ ಒಂದೇ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಂಗೆ? ಕೇಳಿಸ್ತದಾ ಇಲ್ವಾ?”

ಒಳಗಿನಿಂದ ಕೆಮ್ಮಿನ ನಡುವೆ ದನಿ ಬಂತು. “ಆಯ್ತು ಕಣೇ, ಸುಮ್ನಿರೇ.”

ಆದಿಲಕ್ಷ್ಮಮ್ಮ ಹಾಗೇ ನಿಂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಉಂಡ,” ಅಂದಳು. “ಹೊಟ್ಟೆ ತುಂಬ ಉಂಡ.” ಮೂರು ತಿಂಗಳಲ್ಲಿ ಅವಳು ನಕ್ಕಿದ್ದನ್ನು ಊರು ಅವತ್ತೇ ನೋಡಿದ್ದು. ಕೇಸರಿಬಾತ್ ಹಂಚಿ ಉತ್ಸವ ಮುಂದುವರಿಸಲಾಯಿತು.

ಉತ್ಸವವು ಸಂಪೂರ್ಣ ಯಶಸ್ವಿಯಾಗಿದೆ ಎಂದು ಈ ಮೂಲಕ ಪ್ರಕಟಿಸಲಾಗಿದೆ. ಮುಂದಿನ ವರ್ಷಕ್ಕೆ ತಮ್ಮ ಮೃತರಿಗೂ ಅಧ್ಯಕ್ಷರ ತುಟಿ ಮಂಜೂರು ಮಾಡಬೇಕೆಂದು ಅರವತ್ತೆರಡು ಅರ್ಜಿಗಳು ಬಂದಿವೆ. ಪ್ರತಿಯೊಂದಕ್ಕೂ ಮೃತರು ಏನು ತಿನ್ನುತ್ತಿದ್ದರು, ಏನು ಕುಡಿಯುತ್ತಿದ್ದರು, ಊಟದ ನಡುವೆ ಏನು ಮಾತಾಡುತ್ತಿದ್ದರು ಎಂಬ ವಿವರ ಲಗತ್ತಿಸಲಾಗಿದೆ. ಅಧ್ಯಕ್ಷರು ಈಗಿನಿಂದಲೇ ಬೆಳಗಿನ ವಾಕಿಂಗ್ ಶುರು ಮಾಡಿದ್ದಾರೆ. ಭಾರತಮ್ಮನವರು ತಮ್ಮ ಅತ್ತೆಯ ಅರ್ಜಿಯನ್ನು ಹಿಂಪಡೆದಿದ್ದಾರೆ.

ಹನ್ನೊಂದನೆಯ ಅರ್ಜಿ ನನ್ನ ತಂದೆ ರಾಮಚಂದ್ರಪ್ಪನವರದು. ಅವರು ಹೋಗಿ ಆರು ವರ್ಷ. ನನ್ನನ್ನು ಬಯ್ಯದೆ ಒಂದು ತುತ್ತು ನುಂಗಿದವರಲ್ಲ. ಪರದೆಯ ಹಿಂದಿನಿಂದ ಬಯ್ಯಬೇಕಾದ ಮಾತುಗಳನ್ನೆಲ್ಲ ನಾನೇ ನೆನಪು ಮಾಡಿಕೊಂಡು, ಶುದ್ಧಪ್ರತಿ ತೆಗೆದು, ಮೂರು ಪ್ರತಿಗಳಲ್ಲಿ ಅಧ್ಯಕ್ಷರಿಗೆ ಸಲ್ಲಿಸಿದ್ದೇನೆ. ಅಸಭ್ಯ ಪದಗಳಿಗೆ ನಿಯಮದಿಂದ ವಿನಾಯಿತಿ ಕೋರಿದ್ದೆ. ಮಂಜೂರಾಗಿದೆ.