ಲಾರಿ ಟ್ಯೂಬಿನ ಪೈಲ್ವಾನರು

ರಬ್ಬರನ್ನೂ ಆಟಗಾರರನ್ನೂ ಒಂದೇ ಕಡೆ ಬಿಟ್ಟರೆ ಏನಾದರೊಂದು ಆಗದೆ ಇರುವುದಿಲ್ಲ; ನನ್ನ ನೌಕರಿಯ ಉದ್ದಕ್ಕೂ ಆಗುತ್ತಲೇ ಬಂತು. ನಿಜಾಮರ ಕಾಲ ಮುಗಿದ ಹೊಸತು. ಲಿಂಗಸುಗೂರಿನ ಶಾಲೆಯಲ್ಲಿ ನಾನು ಡ್ರಿಲ್ ಮಾಸ್ತರ. ಕಸರತ್ತಿನ ಸಾಮಾನು ಏನೂ ಇರಲಿಲ್ಲ. ಕಾಲುವೆ ಕೆಲಸದ ಲಾರಿಗಳ ಹರಿದ ಟ್ಯೂಬು ತಂದು, ಉದ್ದುದ್ದ ಪಟ್ಟಿ ಕತ್ತರಿಸಿ, ಒಂದು ತುದಿ ಎಲ್ಲಾದರೂ ಕಟ್ಟಿ ಇನ್ನೊಂದು ತುದಿ ಎಳೆಸುತ್ತಿದ್ದೆ. ಕುಸ್ತಿಯವರಿಗೆ ತೋಳು, ವಾಲಿಬಾಲಿನವರಿಗೆ ಭುಜ, ಕಬಡ್ಡಿಯವರಿಗೆ ತೊಡೆ ಗಟ್ಟಿಯಾಗುತ್ತಿತ್ತು. ಸುತ್ತಲಿನ ಊರವರೂ ಕರೆಸತೊಡಗಿದರು.

ಮಸ್ಕಿಯ ಗರಡಿ

ಮಸ್ಕಿಯ ಪೈಲ್ವಾನ ಪಟ್ಟಿ ನೋಡಿ ನಕ್ಕ.

"ಮಾಸ್ತರ್ರೀ, ಇದು ಕೂಸಿನ ತೊಟ್ಟಿಲಕ್ಕ ಕಟ್ಟೂದು. ನನಗ್ಯಾಕ?"

"ಮೆಲ್ಲಗ ಎಳೀರಿ, ಮೆಲ್ಲಗ ಬಿಡ್ರಿ" ಅಂದೆ.

ಮೆಲ್ಲಗೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಗರಡಿಯ ಬಾಗಿಲ ಚೌಕಟ್ಟಿಗೆ ಕಟ್ಟಿ, ಉಸಿರು ಬಿಗಿಹಿಡಿದು ಜಗ್ಗಿದ. ರಬ್ಬರಿಗೆ ಏನೂ ಆಗಲಿಲ್ಲ. ಚೌಕಟ್ಟು ಬಾಗಿಲ ಸಮೇತ ಕಿತ್ತು ಬಂತು. ಧೂಳು ಇಳಿದ ಮೇಲೆ ಗರಡಿಯ ಉಸ್ತಾದರು ಬಂದು ನೋಡಿದರು.

"ಶಾಭಾಸ್! ತೋಳು ತಯಾರಾತು. ನಾಳಿಂದ ಬಾಗಲದಾಗ ನೀನ ನಿಂದ್ರು."

ಕಿಟಕಿಯ ಸರಳು

ಲಿಂಗಸುಗೂರಿನ ಕಚೇರಿಯೊಂದರಲ್ಲಿ ವಾಲಿಬಾಲ್ ಆಡುವ ಎತ್ತರದ ಗುಮಾಸ್ತರೊಬ್ಬರಿದ್ದರು. ಚೆಂಡು ಬಡಿಯಲು ಭುಜದಲ್ಲಿ ಬಲ ಸಾಲದು. ಪಟ್ಟಿಯನ್ನು ಕಿಟಕಿಯ ಸರಳಿಗೆ ಹಾಕಿ, ಎರಡೂ ತುದಿ ಅವರ ಮುಂಗೈಗೆ ಸುತ್ತಿ, ಊಟದ ಬಿಡುವಿನಲ್ಲಿ ಎಳೆಸುತ್ತಿದ್ದೆ. ಅರ್ಜಿ ಹಿಡಿದು ಬಂದ ರೈತನೊಬ್ಬ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಗುಮಾಸ್ತರು ಕುರ್ಚಿಯಲ್ಲಿ ಕೂತು ಬೆವರು ಸುರಿಸುತ್ತ ಕೊಸರಾಡುತ್ತಿದ್ದಾರೆ.

"ಸಾಹೇಬ್ರನ್ನ ಯಾಕ ಕಟ್ಟಿಹಾಕ್ಯಾರ್ರಿ?" ಎಂದು ಬಾಗಿಲ ಬಳಿಯೇ ಇದ್ದ ನನ್ನ ಕಿವಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವನ ಮುಖ ಅರಳಿತು.

"ತಿಳೀತ್ ಬಿಡ್ರಿ. ಹೊಸ ಸರಕಾರ ಭಾಳ ಚಲೋ ಐತಿ. ಇನ್ನ ಮ್ಯಾಲ ಯಾರೂ ಕುರ್ಚಿ ಬಿಟ್ಟು ಹೋಗಂಗಿಲ್ಲ!"

ಸಿಂಧನೂರಿನ ಪಂದ್ಯ

ಮುಕ್ಕುಂದದ ತರುಣ ರೈತನೊಬ್ಬ ಕಬಡ್ಡಿಯಲ್ಲಿ ಎದುರಾಳಿಗಳ ಕಡೆ ಹೋದರೆ ಹೊಳ್ಳಿ ಬಂದದ್ದೇ ಇಲ್ಲ. ಯಾರಾದರೂ ಹಿಡಿದರೆ ಮುಗಿಯಿತು, ಕುಸಿದುಬಿಡುತ್ತಿದ್ದ. ತಂಡದವರು ಕೈಬಿಡುವವರಿದ್ದರು.

"ಇದೊಂದು ಸಲ ನೋಡ್ರಿ ಮಾಸ್ತರ್ರೀ. ಆಗಲಿಲ್ಲಂದ್ರ ಆಟಾನ ಬಿಡ್ತೀನಿ" ಅಂದ. ಕಣ್ಣು ತುಂಬಿತ್ತು.

ಅವನ ಸೊಂಟಕ್ಕೆ ಪಟ್ಟಿ ಬಿಗಿದು ಬೇವಿನ ಮರಕ್ಕೆ ಕಟ್ಟಿದೆ. ದಿನಾ ಕಣ್ಣು ಮುಚ್ಚಿ ಮುಂದಕ್ಕೆ ಓಡುತ್ತಿದ್ದ, ರಬ್ಬರು ಹಿಂದಕ್ಕೆ ಎಳೆದು ನಿಲ್ಲಿಸುತ್ತಿತ್ತು. ಅವನ ತಾಯಿ ಒಮ್ಮೆ ನೋಡಿ, "ಮದಿವಿ ಮಾಡ್ರಿ, ತಾನ ಮನಿಗೆ ಹೊಳ್ಳಿ ಬರ್ತಾನ" ಅಂದಳು.

ಸಿಂಧನೂರಿನಲ್ಲಿ ಸಾಲಗುಂದದವರ ಮೇಲೆ ಪಂದ್ಯ. ಕೊನೆಯ ಸರದಿ ಇವನದು. ಎದುರಾಳಿಯೊಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಮೂವರು ಮೇಲೆ ಬಿದ್ದರು. ಈ ಸಲ ಅವನು ಕುಸಿಯಲಿಲ್ಲ. ಕಣ್ಣು ಮುಚ್ಚಿ ಜಗ್ಗಿದ. ಇಬ್ಬರು ಕಳಚಿ ಬಿದ್ದರು. ಮೂರನೆಯವನು ಬೆನ್ನಿಗೆ ಜೋತಾಡುತ್ತಿರುವಂತೆಯೇ ಗೆರೆ ದಾಟಿದ. ಗೆದ್ದೆವು! ಜನ ರುಮಾಲು ಹಾರಿಸಿದರು. ಆದರೆ ನಿಲ್ಲಿಸಲು ಈಗ ರಬ್ಬರಿಲ್ಲ. ಮೈದಾನ ದಾಟಿದ, ಅಂಗಡಿಗಳ ಸಾಲು ದಾಟಿದ, ಮುಕ್ಕುಂದದ ದಾರಿ ಹಿಡಿದೇಬಿಟ್ಟ. ಬೆನ್ನ ಮೇಲಿದ್ದ ಸಾಲಗುಂದದವನ ಕೂಗು ನಮಗೆಲ್ಲ ಕೇಳುತ್ತಿತ್ತು:

"ಯಣ್ಣಾ, ನೀವು ಗೆದ್ರಿ, ನಾವು ಸೋತ್ವಿ, ಇಳಸೋ ಯಪ್ಪಾ! ನಮ್ಮೂರು ಆ ಕಡೆ ಐತಿ!"