ಹತ್ತು ಗಂಟೆತನಕ ಹಿತ್ತಲು ಬಂದ್!

ನಿಂಬರ್ಗಾದ ನಮ್ಮ ಮಾಮಾನಿಗೆ, ಅಂದರೆ ನನ್ನ ತಾಯಿಯ ಅಣ್ಣನಿಗೆ, ಇಬ್ಬರು ಹೆಂಡಂದಿರು! ಹೌಹಾರಬೇಡಿ. ಒಬ್ಬಾಕೆ ಹಿರಿಯರ ಸಮಕ್ಷಮ ಕೈಹಿಡಿದ ನಮ್ಮ ಮಾಮಿ. ಇನ್ನೊಬ್ಬಾಕೆ ಹಿತ್ತಲ ಗೋಡೆಯ ಬಿರುಕಿನೊಳಗೆ ಸಂಸಾರ ಹೂಡಿದ್ದ ಜೇನುರಾಣಿ. ಮಾಮಾನಿಗೆ ಈ ಎರಡನೆಯವಳ ಮೇಲೇ ಜೀವ ಎಂದು ಬೇರೆ ಯಾರೂ ಅಲ್ಲ, ಮಾಮಿಯೇ ಓಣಿಯೆಲ್ಲ ಸಾರಿಕೊಂಡು ಬಂದಿದ್ದಳು.

"ಆಕಿಗಿ ಸಾವಿರಾರು ಮಕ್ಳು. ನಾ ಹಡದದ್ದು ಒಂದ ಹೆಣ್ಣ. ಈ ಮನ್ಯಾಗ ನನ್ನ ಮಾತು ಹೆಂಗ ನಡೀತದ ಹೇಳ್ರಿ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದಳು.

ಇದು ಎಂಬತ್ತರ ದಶಕದ ಮಾತು. ನಾನಾಗ ಜೇವರ್ಗಿಯ ಒಂದು ಕಚೇರಿಯಲ್ಲಿ ಹೊಸ ಗುಮಾಸ್ತ. ಲಗ್ನವಾಗಿರಲಿಲ್ಲ. ಖಾನಾವಳಿಯ ಊಟಕ್ಕೆ ನಾಲಿಗೆ ಜಡ್ಡುಗಟ್ಟಿದಾಗಲೆಲ್ಲ ಶನಿವಾರ ಬಸ್ಸು ಹತ್ತಿ, ನಡುವೆ ಇನ್ನೊಂದು ಬಸ್ಸು ಬದಲಿಸಿ, ಮೈಮೇಲಿನ ಧೂಳು ಝಾಡಿಸಿಕೊಳ್ಳುತ್ತ ನಿಂಬರ್ಗಾದಲ್ಲಿ ಇಳಿಯುತ್ತಿದ್ದೆ. ಮಾಮಿಯ ಕೈಯ ಬಿಸಿ ರೊಟ್ಟಿ, ಹಿತ್ತಲ ಬದನೆಯ ಎಣ್ಣಿಗಾಯಿ, ಕುಂಬಳಕಾಯಿ ಗಾರಿಗೆ! ಇವುಗಳ ಮುಂದೆ ಸ್ವರ್ಗವೇನು ದೊಡ್ಡದು? ಆದರೆ ಆ ಸ್ವರ್ಗಕ್ಕೊಂದು ಬಾಗಿಲಿತ್ತು, ಬಾಗಿಲಲ್ಲಿ ಮಾಮಾ ಕುಳಿತಿರುತ್ತಿದ್ದ.

ಮಾಮಾನ ಮೊದಲ ಕಾನೂನು ಎಂದರೆ, ಬೆಳಗಿನ ಹತ್ತು ಗಂಟೆತನಕ ಹಿತ್ತಲು ಬಂದ್. ಕುಂಬಳದ ಹೂ ನಸುಕಿಗೆ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಜೇನ್ನೊಣ ತನ್ನ ಕೆಲಸ ಮುಗಿಸಬೇಕು. ಆ ಹೊತ್ತಿನಲ್ಲಿ ಅಲ್ಲಿ ಬಟ್ಟೆ ಒಗೆಯುವಂತಿಲ್ಲ, ಪಾತ್ರೆ ತಿಕ್ಕುವಂತಿಲ್ಲ, ಪೂಜೆಗೆ ಹೂ ಹರಿಯುವಂತಿಲ್ಲ. "ಲಿಂಗಕ್ಕ ಪತ್ರಿ ಸಾಕು. ಹೂವ ಹರದ್ರ ಅವೇನು ಉಪವಾಸ ಇರಬೇಕೇನು?" ಎನ್ನುತ್ತಿದ್ದ. ಬೆಳಿಗ್ಗೆ ಚರಿಗೆ ಹಿಡಿದು ಹಿತ್ತಲು ದಾಟಿ ಬಯಲಿಗೆ ಹೋಗಬೇಕಾದವರು ಇಡೀ ಓಣಿಗೆ ಪ್ರದಕ್ಷಿಣೆ ಹಾಕಿಯೇ ಹೋಗಬೇಕು. ಒಮ್ಮೆ ನಾನು ಬಾಗಿಲಲ್ಲಿ ನಿಂತು ಗೋಗರೆದೆ.

"ಮಾಮಾ, ಅರ್ಜೆಂಟ್ ಅದ!"

"ಅವಕ್ಕೂ ಅರ್ಜೆಂಟ್ ಅದಲೇ. ಹೂವ ಒಮ್ಮಿ ಮುಚ್ಚಿದ್ರ ಮತ್ತ ತೆರಿಯಂಗಿಲ್ಲ. ನೀ ಜರಾ ತಡಕೋ."

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಎಂದು ನನಗೆ ತಿಳಿಸಿಕೊಟ್ಟವನೂ ಅವನೇ. "ಇಬ್ಬರೂ ಬಳ್ಳಿಗಿ ಕಟ್ಟಿಬಿದ್ದವ್ರು. ಗಂಡ ಎದ್ದು ಹೋಗಂಗಿಲ್ಲ, ಹೆಣ್ಣ ಎದ್ದು ಬರಂಗಿಲ್ಲ. ನಡುವ ಓಡಾಡಿ ಸಂಬಂಧ ಕೂಡಸಾವ್ರು ಯಾರು? ನಿಮ್ಮಪ್ಪೇನು?" ಎಂದು ಕೇಳಿದ್ದ. ನಮ್ಮಪ್ಪ ಒಂದೂ ಸಂಬಂಧ ಕೂಡಿಸಿದವನಲ್ಲ, ಹಾಗಾಗಿ ಒಪ್ಪಿಕೊಂಡೆ. ಹೀರೆಯ ಹೂವಿನದು ಸಂಜೆಯ ಪಾಳಿ, ಅಲ್ಲಿಗೆ ಪತಂಗಗಳು ಬರುತ್ತವೆ. ಬದನೆಯ ಹೂವಿಗಂತೂ ಕರಿ ದುಂಬಿಯೇ ಆಗಬೇಕು. ಅದು ಹೂವನ್ನು ಅಪ್ಪಿಕೊಂಡು ಝುಂಯ್ ಎಂದು ನಡುಗಿಸಿದರೇ ಒಳಗಿನ ಪರಾಗ ಉದುರುವುದಂತೆ.

ಆ ದುಂಬಿಗಳೋ ಪಡಸಾಲೆಯ ತೊಲೆಯನ್ನೇ ಕೊರೆದು ಮನೆ ಮಾಡಿಕೊಂಡಿದ್ದವು. ಊಟಕ್ಕೆ ಕುಳಿತರೆ ಮೇಲಿಂದ ತಟ್ಟೆಗೆ ಕಟ್ಟಿಗೆಯ ಹಿಟ್ಟು! ಮಾಮಿ ಬೇಸತ್ತು ಬಡಿಗನನ್ನು ಕರೆಸಿದಳು. ಮಾಮಾ ಅವನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದ.

"ತೊಲ್ಯಾಗ ಬಾಡಿಗಿಯವ್ರು ಅದಾರ. ಹಂಗೆಲ್ಲ ಬಿಡಸಾಕ ಬರಂಗಿಲ್ಲ."

"ಬಾಡಿಗಿ ಏನ ಕೊಡ್ತಾರಂತ್ರಿ?"

"ನಿನ್ನಿ ಎಣ್ಣಿಗಾಯಿ ಎರಡೆರಡು ಸಲ ಹಾಕ್ಕೊಂಡಿಯಲ್ಲ, ಅದು ಯಾರ ಕೊಟ್ಟದ್ದು?"

ಇನ್ನು ಮಾಮಾನ ಮಗಳನ್ನು ನೋಡಲು ಅಫಜಲಪುರದ ಕಡೆಯಿಂದ ಹಿರಿಯರೊಬ್ಬರು ಬಂದಿದ್ದ ಕಥೆಯನ್ನು ಹೇಳದಿದ್ದರೆ ಮಾಮಿ ನನ್ನನ್ನು ಕ್ಷಮಿಸಲಿಕ್ಕಿಲ್ಲ. ಕೈತೊಳೆಯಲು ಹಿತ್ತಲಿಗೆ ಹೋದ ಅವರು ಜೇನ್ನೊಣ ಕಂಡು ಶಲ್ಯ ಬೀಸಿದರು. ಅದು ನೇರವಾಗಿ ಮೂಗಿನ ತುದಿಗೇ ಕಚ್ಚಿತು. ಮಾಮಾ ಓಡಿಬಂದವನೇ, "ಅಯ್ಯಯ್ಯ, ಪಾಪ, ಜೀವ ಹೋತಲ್ರಿ!" ಎಂದು ಕೈಕೈ ಹಿಸುಕಿಕೊಂಡ.

ಆ ಕಳಕಳಿಗೆ ಕರಗಿದ ಹಿರಿಯರು, "ಇಲ್ರಿ, ಅಂಥಾದ್ದೇನಿಲ್ಲ, ನಾ ಅರಾಮ ಅದೀನಿ" ಎಂದರು.

"ನಿಮ್ದಲ್ರಿ! ಕಡದ ಮ್ಯಾಲ ಜೇನ್ನೊಣ ಬದಕಂಗಿಲ್ರಿ!"

ಆ ಸಂಬಂಧ ಅಲ್ಲಿಗೇ ಹರಿಯಿತು. ಮುಂದೆ ಮಾದನಹಿಪ್ಪರಗಾದಿಂದ ಬೀಗರು ಬಂದಾಗ ಮಾಮಿ ಅವರನ್ನು ಪಡಸಾಲೆಯಿಂದ ಅಲುಗಾಡಲು ಬಿಡಲಿಲ್ಲ. ಕೈತೊಳೆಯಲೂ ಅಲ್ಲಿಗೇ ನೀರು ಹೋಯಿತು, ಮಗಳ ಲಗ್ನವೂ ಸುಸೂತ್ರವಾಗಿ ಆಯಿತು.

ಹೀಗಿರುವಾಗ ಒಂದು ವರ್ಷ ಭಾದ್ರಪದದಲ್ಲಿ ಕುಂಬಳದ ಬಳ್ಳಿಗೆ ಕೆಂಪು ಹುಳ ಬಿದ್ದು ಎಲೆಗಳೆಲ್ಲ ಜರಡಿಯಾದವು. ಮಾಮಾ ಔಷಧಿಯ ಮಾತನ್ನೇ ಎತ್ತಗೊಡದೆ, ದಿನಾ ಬೆಳಿಗ್ಗೆ ಒಂದೊಂದೇ ಹುಳ ಆರಿಸುತ್ತ ಕೂಡುತ್ತಿದ್ದ. ಮಾಮಿಗೆ ನೋಡಲಾಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಜೇವರ್ಗ್ಯಾಗ ಹುಳದ ಪುಡಿ ಸಿಗ್ತದಂತ. ಬರೋವಾಗ ಒಂದೀಟು ತಗೊಂಡ ಬಾ. ಅವರಿಗಿ ಹೇಳಬ್ಯಾಡ. ಬಳ್ಳಿ ಹಸರಾದ ಮ್ಯಾಲ ತಾವ ಖುಷಿ ಆಗ್ತಾರ."

ಮುಂದಿನ ಶನಿವಾರ ನಾನು ಪುಡಿ ತಂದುಕೊಟ್ಟೆ. ರವಿವಾರ ಬೆಳಿಗ್ಗೆ ಮಾಮಾ ಆಳಂದಕ್ಕೆ ಹೋದದ್ದೇ ತಡ, ಮಾಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗೈಯಲ್ಲೇ ಪುಡಿ ಎತ್ತಿಕೊಂಡಳು. ಈಗ ನಮ್ಮ ಜಾಣತನ ಕೇಳಿ! ಎಲೆಗಳಿಗೆ ಉದುರಿಸಿ ಸುಮ್ಮನಾಗಲಿಲ್ಲ. ಹಣೆಗೆ ವಿಭೂತಿ ಹಚ್ಚುವಷ್ಟು ಭಕ್ತಿಯಿಂದ, ಅರಳಿದ ಒಂದೊಂದು ಹೂವಿನ ಒಳಗೂ ಚಿಟಿಕೆ ಚಿಟಿಕೆ ಹಾಕಿದಳು. "ಹುಳ ಒಳಗ ಅಡಗಿರ್ತಾವ ಮಾಮಿ, ಅಲ್ಲೂ ಹಾಕು" ಎಂದು ಸಲಹೆ ಕೊಟ್ಟ ಮಹಾನುಭಾವ ನಾನೇ.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಬುಡದಲ್ಲಿ ಜೇನ್ನೊಣಗಳು ರಾಶಿ ಬಿದ್ದಿದ್ದವು. ಕೆಲವಿನ್ನೂ ಕಾಲು ಆಡಿಸುತ್ತಿದ್ದವು. ಸದಾ ಗುಂಯ್‌ಗುಡುತ್ತಿದ್ದ ಬಿರುಕಿಗೆ ಕಿವಿ ಹಚ್ಚಿದರೆ ಸದ್ದಿಲ್ಲ. ಮಾಮಿ ಗೋಡೆಗೆ ಒರಗಿ ಕುಸಿದು ಕುಳಿತಳು. ನಾನು? ನಾನು ಮಹಾಶೂರ! ಸಿಕ್ಕ ಬಸ್ಸು ಹತ್ತಿ ಜೇವರ್ಗಿಗೆ ಪರಾರಿಯಾದೆ. ವಾರವಿಡೀ ಕಚೇರಿಯ ಕಾಗದಗಳ ಮೇಲೆಲ್ಲ ಸತ್ತ ನೊಣಗಳೇ ಕಾಣುತ್ತಿದ್ದವು. ಬಿರುಕಿನೊಳಗೆ ಒಂದಿಷ್ಟಾದರೂ ಬದುಕಿರಬಹುದೇ? ಇರದಿದ್ದರೆ ಮಾಮಾನಿಗೆ ಯಾವ ಬಾಯಿಂದ ಹೇಳುವುದು?

ಮುಂದಿನ ಶನಿವಾರ ಹೆದರುತ್ತಲೇ ಹೋದೆ. ಮಾಮಿ ನನ್ನನ್ನು ಮೂಲೆಗೆ ಎಳೆದಳು.

"ಮಾತಿಲ್ಲ, ಕತಿಯಿಲ್ಲ. ಹಿತ್ತಲ ಕಡಿ ಹೋಗವಲ್ರು. ಅಡಗಿಮನಿ ಬಾಗಲದಾಗ ಕುಂತು ನನ್ನ ಮಾರೀನ ನೋಡ್ತಾರ. ತಾಸಿಗೊಮ್ಮಿ 'ಊಟ ಸೇರ್ತದೇನು? ಕಣ್ಣು ಮಂಜಾಗ್ಯಾವೇನು?' ಅಂತ ಕೇಳ್ತಾರ. ಗೊತ್ತಾಗ್ಯದಲೇ ಅವರಿಗಿ! ನನ್ನ ಬಾಯಿಂದ ಹೊರಡಸಾಕ ಹಿಂಗ ಮಾಡಾಕತ್ತಾರ. ನಾಳಿ ಹೇಳೇಬಿಡ್ತೇನಿ."

ಪೊಲೀಸರು ಕೂಡ ಇಷ್ಟು ಸಾವಕಾಶವಾಗಿ ತನಿಖೆ ಮಾಡುವುದಿಲ್ಲ ಎನಿಸಿ ನನಗೂ ಬೆವರಿಳಿಯಿತು. ಹಿತ್ತಲಲ್ಲಿ ನೋಡಿದರೆ ಗೋಲಿಯಷ್ಟಿದ್ದ ಕುಂಬಳದ ಹೀಚುಗಳು ಹಳದಿಯಾಗಿ ಉದುರಿ ಬಿದ್ದಿದ್ದವು. ನಡುವೆ ಒಂದು ದಿನ ಜೋರು ಮಳೆ ಬಂದು ಪುಡಿಯೆಲ್ಲ ತೊಳೆದುಹೋಗಿತ್ತು ಎಂಬುದೊಂದೇ ಸಮಾಧಾನ.

ಮರುದಿನ ಬೆಳಿಗ್ಗೆ ನಾನೂ ಮಾಮಿಯೂ ಕಳ್ಳರಂತೆ ಹಿತ್ತಲಿಗೆ ನುಸುಳಿದೆವು. ನೊಣ ಮಾಡುವ ಕೆಲಸವನ್ನು ನಾವೇ ಮಾಡಿ ನಾಲ್ಕು ಕಾಯಿಯಾದರೂ ಕಚ್ಚಿಸಬೇಕು ಎಂಬುದು ನಮ್ಮ ಪ್ರಾಯಶ್ಚಿತ್ತ. ಗಂಡು ಹೂ ಕಿತ್ತು, ಹೆಣ್ಣು ಹೂವಿಗೆ ಸವರುವುದು. ಎಷ್ಟು ಸುಲಭ!

"ಲೇ, ಇದು ಹೆಣ್ಣೇನೋ?"

"ಅಲ್ಲ ಮಾಮಿ, ಎರಡೂ ಗಂಡ. ಬುಡದಾಗ ಕಾಯಿ ಇದ್ದದ್ದು ಹೆಣ್ಣ."

"ಹಂಗಾರ ಇಷ್ಟೊತ್ತನ ನಾ ಮಾಡಿದ್ದೆಲ್ಲ ದಂಡ ಆತೇನು?"

ಆಗಲೇ ಎಲ್ಲಿಂದಲೋ ಒಂದು ಸಣ್ಣ ಗುಂಯ್. ಮಾಮಿಯ ಕೈಯಲ್ಲಿದ್ದ ಹೂವಿನ ಮೇಲೆ ಒಂದು ಜೇನ್ನೊಣ ಬಂದು ಕುಳಿತಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಬಿರುಕಿನತ್ತ ನೋಡಿದೆವು. ಅಲ್ಲಿಂದ ಮತ್ತೊಂದು ಹೊರಬಂತು, ಅದರ ಹಿಂದೆ ಇನ್ನೆರಡು. ಬದುಕಿದ್ದವು! ಒಳಗೆ ಬದುಕಿದ್ದವು! ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಾಮಿ ಮೂರು ಮನೆಗೆ ಕೇಳುವಂತೆ ಕಿರುಚಿದಳು.

ಬಿಚ್ಚಿದ ಧೋತರ ಕೈಯಲ್ಲಿ ಹಿಡಿದುಕೊಂಡೇ ಮಾಮಾ ಓಡಿಬಂದ. ಕುಂಬಳದ ಬಳ್ಳಿಯನ್ನು ತುಳಿದುಕೊಂಡೇ ಬಂದು ಮಾಮಿಯ ರಟ್ಟೆ ಹಿಡಿದ. "ಏನಾತಬೇ? ತಲಿ ತಿರಗಾಕತ್ತದೇನು? ಕುಂಡ್ರು, ಕುಂಡ್ರು!"

"ನೊಣ ಬಂದಾವ್ರಿ!" ಎಂದ ಮಾಮಿ ಹೋ ಎಂದು ಅಳತೊಡಗಿದಳು. "ಪುಡಿ ಹಾಕಿದಾಕಿ ನಾನ ಅದೀನ್ರಿ."

"ಗೊತ್ತದ. ಅವತ್ತ ಸಂಜೀಕ ನಿನ್ನ ಸೆರಗಿನ ತುಂಬ ಅದ ಇತ್ತು."

"ಗೊತ್ತಿದ್ದೂ ಸುಮ್ಮ ಕುಂತ್ರಿ? ನೊಣದ ದುಃಖ ಒಳಗ ಇಟ್ಕೊಂಡು ಎಂಟ ದಿನ ನನ್ನ ಮಾರಿ ನೋಡೂಕಿಂತ, ನಾಕ ಮಾತು ಬೈಬಾರದಾಗಿತ್ತೇನ್ರಿ?"

"ನೊಣದ ದುಃಖ ಯಾರಿಗಿತ್ತಬೇ?" ಮಾಮಾ ಹಿಡಿದ ರಟ್ಟೆ ಬಿಡಲಿಲ್ಲ. "ಬರಿಗೈಲೇ ಮುಟ್ಟೀದಿ. ಅದ ಕೈಲೇ ರೊಟ್ಟಿ ತಿಂದೀದಿ. ಮರುದಿನ ಆಳಂದಕ್ಕ ಹೋಗಿ ಡಾಕ್ಟರಿಗಿ ಕೇಳಿದೆ. ಎಂಟ ದಿನ ಕಣ್ಣಾಗ ಕಣ್ಣಿಟ್ಟು ನೋಡ್ರಿ ಅಂದ್ರು. ಹೇಳಿದ್ರ ನೀ ಅಂಜತಿ ಅಂತ ಹೇಳಲಿಲ್ಲ."

ಬಿಸಿಲು ಹೂಗಳ ಮೇಲೆ ಬಿದ್ದಿತ್ತು, ಬಿರುಕಿನಿಂದ ನೊಣಗಳು ಒಂದೊಂದಾಗಿ ಹೊರಬೀಳುತ್ತಿದ್ದವು. ಮಾಮಾ ಅತ್ತ ತಿರುಗಿಯೂ ನೋಡದೆ, ನೆಲದ ಮೇಲೆ ಕುಳಿತು, ಮಾಮಿಯ ಬೆರಳುಗಳನ್ನು ಒಂದೊಂದಾಗಿ ತನ್ನ ಧೋತರದ ಚುಂಗಿನಿಂದ ಒರೆಸುತ್ತಿದ್ದ.